ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಪತ್ತೆ: ಊರಿನಲ್ಲಿ ಅರಿವು ಕಾರ್ಯಕ್ರಮ ನಡೆಸುವ ಬಗೆ

ಆರೋಗ್ಯ ಶಿಬಿರ ಅಂದರೆ ನಮ್ಮಲ್ಲಿ ಶಾಮಿಯಾನ, ಬ್ಯಾನರ್, ಬಿ.ಪಿ., ಶುಗರ್, ಕನ್ನಡಕ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನೂ ಅದೇ ಶಾಮಿಯಾನದಡಿ ತಂದು, ಐವತ್ತು ದಾಟಿದ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿ ರಕ್ತ ತೆಗೆದು ಕಳಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವ ಸಂಘಟಕರು ಬಹಳ. ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಮೂರನೇ ದಿನ ಹತ್ತಾರು ಮನೆಗಳಲ್ಲಿ "ಪಿಎಸ್‌ಎ ಜಾಸ್ತಿ ಬಂದಿದೆ" ಎಂಬ ಚೀಟಿ ಇರುತ್ತದೆ (ಪಿಎಸ್‌ಎ ಅಂದರೆ ಪ್ರಾಸ್ಟೇಟ್ ತಯಾರಿಸುವ, ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನ್). ಅದನ್ನು ಹಿಡಿದು ಎಲ್ಲಿಗೆ ಹೋಗಬೇಕೆಂದು ಒಬ್ಬರಿಗೂ ಗೊತ್ತಿರುವುದಿಲ್ಲ.

ಈ ಮಾರ್ಗದರ್ಶಿ ಯುವಕ ಸಂಘ, ಹಾಲಿನ ಡೇರಿ, ನಿವೃತ್ತ ನೌಕರರ ಸಂಘ, ಗ್ರಾಮ ಪಂಚಾಯಿತಿ, ಇಂಥ ಕಡೆ ಕೆಲಸ ಮಾಡುವವರಿಗೆ. ಒಂದು ಪಂಚಾಯಿತಿ ವ್ಯಾಪ್ತಿ, ಸುಮಾರು 5,000 ಜನಸಂಖ್ಯೆ, ಆರರಿಂದ ಎಂಟು ವಾರದ ಕೆಲಸ ಎಂದು ಲೆಕ್ಕ ಹಾಕಿದ್ದೇವೆ.

ಮೊದಲು ಮಾತು ಸರಿಯಾಗಲಿ

ಬಹುತೇಕ ಕರಪತ್ರಗಳಲ್ಲಿ ಇರುವುದು ಒಂದೇ ಪಟ್ಟಿ: ಪದೇ ಪದೇ ಮೂತ್ರ, ಸಣ್ಣ ಧಾರೆ, ರಾತ್ರಿ ಏಳುವುದು, ತೊಟ್ಟಿಕ್ಕುವುದು, ಇವು ಕಂಡರೆ ಪರೀಕ್ಷೆ ಮಾಡಿಸಿ. ಈ ಪಟ್ಟಿ ಎರಡು ಕಡೆಯಿಂದ ದಾರಿ ತಪ್ಪಿಸುತ್ತದೆ. ವಯಸ್ಸಾದ ಗಂಡಸರಲ್ಲಿ ಈ ತೊಂದರೆಗಳಿಗೆ ಹೆಚ್ಚಾಗಿ ಕಾರಣ ಕ್ಯಾನ್ಸರ್ ಅಲ್ಲ. ಪ್ರಾಸ್ಟೇಟ್ ಗ್ರಂಥಿ ವಯಸ್ಸಿಗೆ ಊದಿಕೊಳ್ಳುವ ಬಿಪಿಎಚ್, ಇಲ್ಲವೇ ಸಕ್ಕರೆ ಕಾಯಿಲೆ, ಮೂತ್ರದ ಸೋಂಕು. ಹಾಗಾಗಿ ಪಟ್ಟಿ ಓದಿದವನು ಸುಮ್ಮನೆ ಹೆದರುತ್ತಾನೆ. ಇನ್ನೊಂದು ಕಡೆ, ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. "ನನಗೇನೂ ತೊಂದರೆ ಇಲ್ಲವಲ್ಲ" ಎಂದು ಕರಪತ್ರ ಮಡಚಿ ಜೇಬಿಗಿಡುವವನೇ ನಿಮ್ಮ ಮಾತು ಕೇಳಬೇಕಿದ್ದವನು.

ಆದ್ದರಿಂದ ಕಾರ್ಯಕ್ರಮದ ಮಾತು ಹೀಗಿರಲಿ: "50 ದಾಟಿತೇ? ತೊಂದರೆ ಇರಲಿ ಬಿಡಲಿ, ಒಮ್ಮೆ ವೈದ್ಯರ ಜೊತೆ ಪ್ರಾಸ್ಟೇಟ್ ಬಗ್ಗೆ ಮಾತಾಡಿ. ಅಪ್ಪ, ಅಣ್ಣತಮ್ಮಂದಿರಿಗೆ ಈ ಕಾಯಿಲೆ ಬಂದಿದ್ದರೆ 45ಕ್ಕೇ ಮಾತಾಡಿ." ಗಮನಿಸಿ, "ಪರೀಕ್ಷೆ ಮಾಡಿಸಿ" ಎಂದಿಲ್ಲ, "ಮಾತಾಡಿ" ಎಂದಿದೆ. ಏಕೆಂದು ಮುಂದೆ ಗೊತ್ತಾಗುತ್ತದೆ.

ಲಕ್ಷಣಗಳಿಗೆ ಬೇರೆಯದೇ ಸಾಲು ಬೇಕು, ಅದು ತುರ್ತಿನ ಸಾಲು. ಮೂತ್ರದಲ್ಲಿ ರಕ್ತ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ವಾರಗಟ್ಟಲೆ ಬಿಡದ ಸೊಂಟ-ಬೆನ್ನುಮೂಳೆ ನೋವು, ಕಾಲಿನಲ್ಲಿ ಇದ್ದಕ್ಕಿದ್ದಂತೆ ಬಲ ಇಲ್ಲದಾಗುವುದು. ಇವು ಶಿಬಿರಕ್ಕೆ ಕಾಯುವ ವಿಷಯಗಳಲ್ಲ. ಮೂತ್ರ ಕಟ್ಟಿದ್ದರೆ, ಕಾಲಿನ ಬಲ ಹೋಗುತ್ತಿದ್ದರೆ ಅದೇ ದಿನ ಆಸ್ಪತ್ರೆ.

ಯಾರು, ಎಷ್ಟು ಜನ

ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಿ.ಪಿ., ಶುಗರ್, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಪ್ರಾಸ್ಟೇಟ್ ಅದರಲ್ಲಿಲ್ಲ. ಅಂದರೆ ಇದನ್ನು ಕೇಳಿಕೊಂಡು ಯಾರೂ ಮನೆಗೆ ಬರುವುದಿಲ್ಲ. ಪಟ್ಟಿ ನೀವೇ ಮಾಡಬೇಕು.

ಮತದಾರರ ಪಟ್ಟಿಯಲ್ಲಿ ವಯಸ್ಸು ಇರುತ್ತದೆ. 50ರಿಂದ 69ರ ಗಂಡಸರನ್ನು ಎಣಿಸಿ. 5,000 ಜನರ ವ್ಯಾಪ್ತಿಯಲ್ಲಿ ಮುನ್ನೂರೈವತ್ತರ ಆಸುಪಾಸು ಸಿಗುತ್ತಾರೆ. 70 ದಾಟಿದವರನ್ನು ಲಕ್ಷಣವಿಲ್ಲದೆ ಪಿಎಸ್‌ಎ ಪರೀಕ್ಷೆಗೆ ಒತ್ತಾಯಿಸಬೇಡಿ. ಈ ಕ್ಯಾನ್ಸರ್ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು. ಆ ವಯಸ್ಸಿನಲ್ಲಿ ಹುಡುಕಿ ತೆಗೆದರೆ ಆಯಸ್ಸು ಹೆಚ್ಚುವುದಕ್ಕಿಂತ ಚಿಕಿತ್ಸೆಯ ಕಾಟವೇ ಜಾಸ್ತಿಯಾಗಬಹುದು. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2018ರಲ್ಲಿ ಹೇಳಿದ್ದೂ ಇದನ್ನೇ: 55ರಿಂದ 69ರವರೆಗೆ ವೈದ್ಯರೊಂದಿಗೆ ಮಾತಾಡಿ ಅವರವರೇ ತೀರ್ಮಾನಿಸಲಿ, 70ರ ಮೇಲೆ ವಾಡಿಕೆಯ ತಪಾಸಣೆ ಬೇಡ.

ಮನೆತನದ ಇತಿಹಾಸ ಕೇಳುವುದು ಒಂದು ಕಲೆ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ?" ಎಂದರೆ ನೂರಕ್ಕೆ ತೊಂಬತ್ತೊಂಬತ್ತು "ಇಲ್ಲ" ಎಂದೇ ಬರುತ್ತದೆ, ಏಕೆಂದರೆ ಹಿಂದಿನ ತಲೆಮಾರಿಗೆ ಆ ಹೆಸರೇ ಗೊತ್ತಿರಲಿಲ್ಲ. ಮಾತು ಹೀಗೆ ಸಾಗಬೇಕು:

"ರಾತ್ರಿ ಎಷ್ಟು ಸಲ ಏಳ್ತೀರಿ ಗೌಡ್ರೇ?"

"ಮೂರ್ನಾಕು ಸಲ ಆಯ್ತದೆ. ವಯಸ್ಸಾಯ್ತಲ್ಲಪ್ಪ."

"ನಿಮ್ಮ ತಂದೆಯೋರಿಗೂ ಹಿಂಗೇ ಇತ್ತಾ?"

"ಅವರಿಗೆ ಕೊನೇಲಿ ಉಚ್ಚೆ ಕಟ್ಟಿ ಪೈಪ್ ಹಾಕ್ಸಿದ್ವು. ಆಮೇಲೆ ಸೊಂಟ ಹಿಡ್ಕೊಂಡು ಮಲಗಿದೋರು ಏಳ್ಲೇ ಇಲ್ಲ."

ವೈದ್ಯರಿಗೆ ಕೊಡುವ ಕಾರ್ಡಿನಲ್ಲಿ ಬರೆಯಬೇಕಾದದ್ದು ಈ ಕೊನೆಯ ಮಾತು, ಅವರು ಹೇಳಿದ ಪದಗಳಲ್ಲೇ. ಅದು ಕ್ಯಾನ್ಸರ್ ಆಗಿತ್ತೋ ಇಲ್ಲವೋ ನೀವು ತೀರ್ಮಾನಿಸಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವುದು ಹೆಚ್ಚಾಗಿ ಮೂಳೆಗೆ, ಹಾಗಾಗಿ ವೈದ್ಯರಿಗೆ ಆ ಸಾಲು ಬೇಕು. ತಂದೆ ಅಥವಾ ಒಡಹುಟ್ಟಿದವನಿಗೆ ಈ ಕಾಯಿಲೆ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ಅಕ್ಕತಂಗಿ, ಅಮ್ಮ, ಚಿಕ್ಕಮ್ಮಂದಿರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದೂ ಕೇಳಿ. ಬಿಆರ್‌ಸಿಎ2 ಎಂಬ ವಂಶವಾಹಿಯ ದೋಷ ಹೆಣ್ಣುಮಕ್ಕಳಲ್ಲಿ ಆ ಕ್ಯಾನ್ಸರುಗಳನ್ನೂ ಗಂಡುಮಕ್ಕಳಲ್ಲಿ ತೀವ್ರ ರೂಪದ ಪ್ರಾಸ್ಟೇಟ್ ಕ್ಯಾನ್ಸರನ್ನೂ ತರಬಲ್ಲದು. ಅದು ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿದ್ದವರು 40ಕ್ಕೇ ತಪಾಸಣೆ ಶುರು ಮಾಡಬೇಕು.

ರಕ್ತ ತೆಗೆಯುವ ಮುನ್ನ ಮುಂದಿನ ದಾರಿ

ಇಡೀ ಕೆಲಸದಲ್ಲಿ ಸಂಘಟಕರು ಬಿಟ್ಟುಬಿಡುವುದು ಇದನ್ನೇ. ಮೊದಲ ಎರಡು ವಾರ ಪೂರ್ತಿ ಇದಕ್ಕೆ ಕೊಡಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು ದಿನಾಂಕ ಕೇಳುವ ಮೊದಲು ನಾಲ್ಕು ವಿಷಯ ಕೇಳಿ. ಪಿಎಸ್‌ಎ ಹೆಚ್ಚು ಬಂದವರನ್ನು ಮೊದಲು ನೋಡುವವರು ಯಾರು? ಮೂತ್ರರೋಗ ತಜ್ಞರು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ, ವಾರದ ಯಾವ ದಿನ ಸಿಗುತ್ತಾರೆ? ಎಂಆರ್‌ಐ, ಬಯಾಪ್ಸಿ (ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಎಲ್ಲಾಗುತ್ತದೆ? ರೆಫರಲ್ ಚೀಟಿ ಯಾರು ಬರೆಯುತ್ತಾರೆ? ನಾಲ್ಕಕ್ಕೂ ಉತ್ತರ ಬರೆದುಕೊಳ್ಳದೆ ಬ್ಯಾನರ್ ಮುದ್ರಣಕ್ಕೆ ಕೊಡಬೇಡಿ.

ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ, ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಜನ ಹೋಗುವ ದೊಡ್ಡ ಜಾಗಗಳು. ಆದರೆ ಎಲ್ಲರನ್ನೂ ನೇರ ಕ್ಯಾನ್ಸರ್ ಆಸ್ಪತ್ರೆಗೆ ಅಟ್ಟಬೇಡಿ. ಒಂದು ಸಲ ಪಿಎಸ್‌ಎ ಹೆಚ್ಚು ಬಂದವರಲ್ಲಿ ಬಹಳ ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಅವರಿಗೆ ಮೊದಲು ಬೇಕಿರುವುದು ಮೂತ್ರರೋಗ ತಜ್ಞರು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದರೆ ತುರ್ತು ಸಂದರ್ಭ ಬಿಟ್ಟು ಸೌಲಭ್ಯ ಸಿಗುವುದು ಕಷ್ಟ. ಮನೆ ಮಂದಿ ಎಡವುವುದು ಇಲ್ಲೇ. ಯಾವ ಪರೀಕ್ಷೆ ಯೋಜನೆಯೊಳಗೆ, ಯಾವುದು ಹೊರಗೆ ಎಂದು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಸಿಬ್ಬಂದಿ, ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಡೇರಿ ಅಥವಾ ಸೊಸೈಟಿ ಸದಸ್ಯರಾದರೆ ಯಶಸ್ವಿನಿ (ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ) ಕಾರ್ಡ್ ಈ ವರ್ಷಕ್ಕೆ ನವೀಕರಣ ಆಗಿದೆಯೇ ನೋಡಿಸಿ. 104 ಆರೋಗ್ಯ ಸಹಾಯವಾಣಿಯನ್ನು ಕರಪತ್ರದ ಕೊನೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಎಲ್ಲಿ ಮಾತಾಡಬೇಕು

ಸಮುದಾಯ ಭವನದ ಸಭೆಗೆ ಬರುವವರು ಬರುವವರೇ. ಬರದವರು ಬೆಳಗ್ಗೆ ಡೇರಿಯಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ, ಭಾನುವಾರ ಕಟಿಂಗ್ ಶಾಪಿನಲ್ಲಿ ಕೂತಿರುತ್ತಾರೆ, ಸಂಜೆ ಅರಳಿಕಟ್ಟೆಯಲ್ಲಿ ಎಲೆಅಡಿಕೆ ಹಾಕುತ್ತಿರುತ್ತಾರೆ. ನವೆಂಬರ್‌ನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಬರುತ್ತಾರೆ. ನಿಮಗೆ ಬೇಕಾದ ವಯಸ್ಸಿನವರು ಒಂದೇ ಬಾಗಿಲಲ್ಲಿ ಸಿಗುವ ತಿಂಗಳು ಅದು. ಸೆಪ್ಟೆಂಬರ್ ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿ ಮಾಸ, ತಿಳಿನೀಲಿ ರಿಬ್ಬನ್ ಅದರ ಗುರುತು. ಆದರೆ ನಾಟಿ ನಡೆಯುತ್ತಿರುವ ಊರಿನಲ್ಲಿ ಮಾಸಕ್ಕಿಂತ ಬಿಡುವು ಮುಖ್ಯ.

ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೊರಿಸುವ ರೂಢಿ ಇದೆ. ಮನೆ ಮನೆಯ ಮಾಹಿತಿ ಅವರ ಬಳಿ ಇದೆ ನಿಜ. ಆದರೆ ಅರವತ್ತರ ಯಜಮಾನರು ತಮ್ಮ ಮೂತ್ರದ ಕಷ್ಟವನ್ನು ಸೊಸೆ ವಯಸ್ಸಿನ ಹೆಣ್ಣುಮಗಳ ಮುಂದೆ ಹೇಳುವುದಿಲ್ಲ, ಆಕೆಗೂ ಮುಜುಗರ. ಗಂಡಸರ ಜೊತೆ ಮಾತಾಡಲು ಪುರುಷ ಆರೋಗ್ಯ ಕಾರ್ಯಕರ್ತರು, ನಿವೃತ್ತ ಮೇಷ್ಟ್ರು, ಚಿಕಿತ್ಸೆ ಪಡೆದು ಚೆನ್ನಾಗಿರುವ ಮತ್ತು ಹೇಳಿಕೊಳ್ಳಲು ಸಿದ್ಧರಿರುವ ಯಾರಾದರೂ ಆಗಬೇಕು. ಆಶಾ ಕಾರ್ಯಕರ್ತೆಯರ ಬಲ ಬೇರೆ ಕಡೆ ಇದೆ: ಸ್ತ್ರೀಶಕ್ತಿ ಸಂಘದ ಸಭೆ. ಗಂಡ ರಾತ್ರಿ ಎಷ್ಟು ಸಲ ಏಳುತ್ತಾನೆ ಎಂಬುದು ಹೆಂಡತಿಗೆ ಗೊತ್ತು. ಕರೆದುಕೊಂಡು ಹೊರಡುವವಳೂ ಅವಳೇ.

ಬಲೂನು ಮತ್ತು ಚಪಾತಿ ಹಿಟ್ಟು

ಪ್ರಾಸ್ಟೇಟ್ ಎಲ್ಲಿದೆ ಎಂದು ಕೇಳಿದರೆ ಅರ್ಧ ಜನ ವೃಷಣ ಎನ್ನುತ್ತಾರೆ, ಇನ್ನರ್ಧ ಅಂಡವಾಯು ಎಂದುಕೊಳ್ಳುತ್ತಾರೆ. ಚಿತ್ರಪಟಕ್ಕಿಂತ ಈ ಪ್ರಾತ್ಯಕ್ಷಿಕೆ ಬೇಗ ತಲೆಗೆ ಹೋಗುತ್ತದೆ. ಬೇಕಾದದ್ದು ಒಂದು ಸಾಧಾರಣ ಬಲೂನು, ಒಂದು ಲೋಟ ನೀರು, ದೊಡ್ಡ ನೆಲ್ಲಿಕಾಯಿ ಗಾತ್ರದ ಗಟ್ಟಿ ಚಪಾತಿ ಹಿಟ್ಟಿನ ಉಂಡೆ, ನಾಲ್ಕು ಹೆಸರುಕಾಳು, ಕೆಳಗೊಂದು ಬಕೆಟ್.

ಬಲೂನಿಗೆ ನೀರು ತುಂಬಿ ಕುತ್ತಿಗೆ ಹಿಡಿದುಕೊಳ್ಳಿ; ಇದು ಮೂತ್ರಕೋಶ. ಹಿಟ್ಟನ್ನು ಬಲೂನಿನ ಕುತ್ತಿಗೆ ಸುತ್ತ ಉಂಗುರದಂತೆ ಸುತ್ತಿ, ಇದು ಪ್ರಾಸ್ಟೇಟ್. ತಲೆಕೆಳಗು ಮಾಡಿ ಬಿಟ್ಟರೆ ನೀರು ಧಾರೆಯಾಗಿ ಬರುತ್ತದೆ. ಈಗ ಹಿಟ್ಟನ್ನು ಒಳಮುಖವಾಗಿ ಒತ್ತಿ. ಧಾರೆ ಸಣ್ಣದಾಗಿ ತೊಟ್ಟಿಕ್ಕುತ್ತದೆ. "ಇದು ವಯಸ್ಸಿನ ಊತ, ಕ್ಯಾನ್ಸರ್ ಅಲ್ಲ." ಕೈ ಸಡಿಲಿಸಿ, ಹೆಸರುಕಾಳುಗಳನ್ನು ಹಿಟ್ಟಿನ ಹೊರ ಅಂಚಿಗೆ ಒತ್ತಿ, ಮತ್ತೆ ನೀರು ಬಿಡಿ. ಧಾರೆ ಮೊದಲಿನಂತೆಯೇ ಇರುತ್ತದೆ. "ಇದು ಆರಂಭದ ಕ್ಯಾನ್ಸರ್. ಧಾರೆಗೆ ಗೊತ್ತೇ ಆಗಿಲ್ಲ ನೋಡಿ." ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70 ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲೇ, ಊತ ಬರುವುದು ಮೂತ್ರನಾಳದ ಪಕ್ಕದ ಒಳಭಾಗದಲ್ಲಿ.

ಹಿಟ್ಟು ತೆಳುವಾದರೆ ಒದ್ದೆ ಬಲೂನಿಗೆ ಅಂಟಿ ಜಾರುತ್ತದೆ; ಒಣ ಹಿಟ್ಟಿನಲ್ಲಿ ಹೊರಳಿಸಿಕೊಳ್ಳಿ. ಲೋಟಕ್ಕಿಂತ ಹೆಚ್ಚು ನೀರು ತುಂಬಿದರೆ ಮುಂದಿನ ಸಾಲಿನವರ ಪಂಚೆ ನೆನೆಯುವುದು ಖಚಿತ. ಮನೆಯಲ್ಲಿ ಎರಡು ಸಲ ಮಾಡಿ ನೋಡದೆ ಸಭೆಗೆ ತರಬೇಡಿ.

ಪಿಎಸ್‌ಎ ಬಗ್ಗೆ ನಿಜ ಹೇಳುವುದು

ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ಕ್ಯಾನ್ಸರ್ ಇದ್ದರೂ ಏರುತ್ತದೆ, ಊತವಿದ್ದರೂ ಏರುತ್ತದೆ, ಸೋಂಕಿದ್ದರೂ ಏರುತ್ತದೆ. ಹಳೆಯ ವಾಡಿಕೆಯ ಗೆರೆ ಮಿಲಿಲೀಟರಿಗೆ 4 ನ್ಯಾನೋಗ್ರಾಂ. ಪಾಶ್ಚಾತ್ಯ ದೇಶಗಳ ಅನುಭವದಲ್ಲಿ 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ ಮಾಡಿದರೆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ, 10 ದಾಟಿದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ. ಹಾಗೆಯೇ, 4ರೊಳಗೆ ಇದ್ದವರಿಗೂ ಬಯಾಪ್ಸಿ ಮಾಡಿ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ (2004) ಸುಮಾರು ಶೇ. 15 ಮಂದಿಯಲ್ಲಿ ಕ್ಯಾನ್ಸರ್ ಕಂಡಿತ್ತು. "ನಾರ್ಮಲ್ ಬಂತು, ಇನ್ನು ಚಿಂತೆಯಿಲ್ಲ" ಎಂಬ ಮಾತನ್ನೂ ಹಾಗಾಗಿ ವೇದಿಕೆಯಿಂದ ಹೇಳಬೇಡಿ.

ಲಾಭ ಎಷ್ಟು? ಯುರೋಪಿನ ದೊಡ್ಡ ತಪಾಸಣಾ ಅಧ್ಯಯನ 23 ವರ್ಷ ಹಿಂಬಾಲಿಸಿ 2025ರಲ್ಲಿ ಕೊಟ್ಟ ಲೆಕ್ಕ: ತಪಾಸಣೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಾವು ಶೇ. 13 ಕಡಿಮೆ, 456 ಗಂಡಸರನ್ನು ಕರೆದರೆ ಒಂದು ಸಾವು ತಪ್ಪುತ್ತದೆ. ನಿಮ್ಮ ಪಂಚಾಯಿತಿಯ ಮುನ್ನೂರೈವತ್ತು ಜನರ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ. ಸಣ್ಣದಲ್ಲ, ಆದರೆ ಪವಾಡವೂ ಅಲ್ಲ. ಬದಲಿಗೆ ತೆರುವ ಬೆಲೆ: ಸುಮ್ಮನಿದ್ದರೂ ತೊಂದರೆ ಕೊಡದ ಕ್ಯಾನ್ಸರುಗಳೂ ಸಿಕ್ಕಿಬೀಳುತ್ತವೆ, ಶಸ್ತ್ರಚಿಕಿತ್ಸೆ, ರೇಡಿಯೇಶನ್‌ನಿಂದ ಮೂತ್ರ ಸೋರುವುದು, ನಿಮಿರುವಿಕೆ ತಗ್ಗುವುದು ಆಗಬಹುದು. "ಮಾಡಿಸಿ" ಎನ್ನದೆ "ಮಾತಾಡಿ" ಎಂದದ್ದು ಇದಕ್ಕೇ. ಇದನ್ನೆಲ್ಲ ಕೇಳಿ ಬೇಡವೆಂದವರನ್ನು ಚೇಷ್ಟೆ ಮಾಡದೆ ಬಿಡಿ.

ಸಭೆಯಲ್ಲಿ ಮತ್ತೆ ಮತ್ತೆ ಏಳುವ ಮಾತುಗಳಿಗೆ ಉತ್ತರ ಸಿದ್ಧವಿರಲಿ. "ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 45 ಗ್ರಾಂ ಅಂದ್ರು": ಹೊಟ್ಟೆಯ ಸ್ಕ್ಯಾನ್ ತೋರಿಸುವುದು ಗಾತ್ರವನ್ನು, ದೊಡ್ಡದಾಗಿದೆ ಅಂದರೆ ಕ್ಯಾನ್ಸರ್ ಎಂದಲ್ಲ, ಚಿಕ್ಕದಿದ್ದರೆ ಇಲ್ಲವೆಂದೂ ಅಲ್ಲ. "ನಂಗೆ ಆಗಲೇ ಪ್ರಾಸ್ಟೇಟ್ ಆಪರೇಷನ್ ಆಗಿದೆ": ಊತಕ್ಕೆ ಮಾಡುವ ಟಿಯುಆರ್‌ಪಿಯಲ್ಲಿ ಒಳಭಾಗವನ್ನಷ್ಟೇ ಕೆರೆದು ತೆಗೆಯುತ್ತಾರೆ, ಕ್ಯಾನ್ಸರ್ ಹುಟ್ಟುವ ಹೊರಭಾಗ ಉಳಿದೇ ಇರುತ್ತದೆ. "ಸೂಜಿ ಚುಚ್ಚಿದ್ರೆ ಹರಡ್ತದಂತೆ": ಬಯಾಪ್ಸಿಯಿಂದ ಕ್ಯಾನ್ಸರ್ ಹರಡಿಬಿಡುತ್ತದೆ ಎಂದು ಹೆದರಬೇಕಿಲ್ಲ, ಸೋಂಕು, ಕೆಲ ದಿನ ಮೂತ್ರದಲ್ಲಿ, ಕೆಲ ವಾರ ವೀರ್ಯದಲ್ಲಿ ರಕ್ತ, ಇವು ಅದರ ನಿಜವಾದ ತೊಂದರೆಗಳು. "ಕ್ಯಾನ್ಸರ್ ಅಂದ್ಮೇಲೆ ಮುಗೀತಲ್ಲ": ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್ ಪತ್ತೆಯಾದವರನ್ನು 15 ವರ್ಷ ನೋಡಿದಾಗ ಆ ಕಾಯಿಲೆಯಿಂದ ಸತ್ತವರು ಶೇ. 3ರಷ್ಟು. ಅವರಲ್ಲಿ ಒಂದು ಗುಂಪಿಗೆ ತಕ್ಷಣ ಚಿಕಿತ್ಸೆ ಕೊಡದೆ ಬರೀ ನಿಗಾ ಇಟ್ಟಿದ್ದರು.

ಪರೀಕ್ಷೆಯ ದಿನ

ಬೇಕೆಂದವರಿಗೆ ಒಂದು ಬೆಳಗ್ಗೆ ಗೊತ್ತು ಮಾಡಿ, ದಿನಕ್ಕೆ 40 ಜನಕ್ಕಿಂತ ಹೆಚ್ಚು ಬೇಡ. ಲ್ಯಾಬ್ ಖಾಸಗಿಯದಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ನೋಡಿ, ಮುಂದಿನ ಮರುಪರೀಕ್ಷೆಗೂ ಅದೇ ಲ್ಯಾಬ್ ಸಿಗುವಂತಿರಲಿ. ಯಂತ್ರ, ವಿಧಾನ ಬದಲಾದರೆ ಅದೇ ರಕ್ತಕ್ಕೆ ಬೇರೆ ಸಂಖ್ಯೆ ಬರುತ್ತದೆ. ಗುದದ್ವಾರದಲ್ಲಿ ಬೆರಳು ಹಾಕಿ ನೋಡುವ ಪರೀಕ್ಷೆಯನ್ನು ಶಿಬಿರದ ಪರದೆಯ ಹಿಂದೆ ಮಾಡಿಸಬೇಡಿ. ಅದೊಂದರಿಂದಲೇ ಆರಂಭದ ಕ್ಯಾನ್ಸರ್ ಸಿಗುವುದು ಕಡಿಮೆ. ಆ ಸುದ್ದಿ ಊರಿಗೆ ಹಬ್ಬಿದರೆ ಮರುದಿನ ಒಬ್ಬರೂ ಬರುವುದಿಲ್ಲ.

ಉಪವಾಸ ಬೇಕಿಲ್ಲ. ಹಿಂದಿನ ಎರಡು ದಿನ ಸಂಭೋಗ ಬೇಡ, ದೂರದ ಸೈಕಲ್ ಸವಾರಿ ಬೇಡ. ಎರಡೂ ಪಿಎಸ್‌ಎ ಏರಿಸಬಲ್ಲವು. ಮೊದಲನೆಯದನ್ನು ಮೈಕಿನಲ್ಲಿ ಹೇಳಲಾಗದು, ಚೀಟಿಯಲ್ಲಿ ಮುದ್ರಿಸಿ ಕೊಡಿ. ಉರಿಮೂತ್ರ, ಜ್ವರ ಇದ್ದವರ ರಕ್ತ ಆ ದಿನ ಬೇಡ, ಮೊದಲು ಸೋಂಕು ವಾಸಿಯಾಗಲಿ. ಇತ್ತೀಚೆಗೆ ಮೂತ್ರ ಕಟ್ಟಿ ಪೈಪ್ ಹಾಕಿಸಿಕೊಂಡಿದ್ದರೆ ಆರು ವಾರ ಬಿಟ್ಟು.

ಎಲ್ಲಕ್ಕಿಂತ ಮುಖ್ಯ, ನುಂಗುವ ಮಾತ್ರೆಗಳ ಸ್ಟ್ರಿಪ್ ತರಲು ಹೇಳಿ. ಧಾರೆ ಸರಾಗವಾಗಲು ಕೊಡುವ ಕ್ಯಾಪ್ಸೂಲುಗಳಲ್ಲಿ ಟ್ಯಾಮ್ಸುಲೋಸಿನ್ ಒಂದೇ ಇದ್ದರೆ ತೊಂದರೆಯಿಲ್ಲ. ಜೊತೆಗೆ ಡುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇದ್ದು, ಆರು ತಿಂಗಳಿಂದ ನುಂಗುತ್ತಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕಿಳಿದಿರುತ್ತದೆ. ಅಂದರೆ ವರದಿಯಲ್ಲಿ 3 ಎಂದಿರುವುದು ನಿಜಕ್ಕೆ 6ರ ಹತ್ತಿರ. ವರದಿಯ ಮೇಲೆ "ನಾರ್ಮಲ್" ಎಂದೇ ಅಚ್ಚಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್‌ಗೂ ಇದೇ ಮಾತು. ಬಯೋಟಿನ್ ಎಂಬ ವಿಟಮಿನ್ ಮಾತ್ರೆಗಳು ಕೆಲವು ಯಂತ್ರಗಳಲ್ಲಿ ಫಲಿತಾಂಶವನ್ನೇ ಕೆಡಿಸುತ್ತವೆ, ಅದನ್ನೂ ಬರೆದುಕೊಳ್ಳಿ.

ರಕ್ತ ಹೆಪ್ಪುಗಟ್ಟಿದ ಮೇಲೆ ಎರಡು ಮೂರು ಗಂಟೆಯೊಳಗೆ ಸೀರಂ (ರಕ್ತದ ತಿಳಿ ದ್ರವ) ಬೇರೆಯಾಗಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಅದೇ ದಿನ ಲ್ಯಾಬ್ ಮುಟ್ಟಬೇಕು. ಟ್ಯೂಬುಗಳನ್ನು ಜೀಪಿನ ಡ್ಯಾಶ್‌ಬೋರ್ಡಿನಲ್ಲಿಟ್ಟು ಸಂಜೆವರೆಗೆ ಸುತ್ತಾಡಿಸಿದರೆ ಸಂಖ್ಯೆ ಕಡಿಮೆ ತೋರಬಹುದು.

ಚೀಟಿ ಕೊಡುವುದು ಮತ್ತು ರಿಜಿಸ್ಟರ್

ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ, ಅವರ ಕೈಗೇ. ಪಟ್ಟಿಯ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಬಿತ್ತೆಂದರೆ ಮಗಳ ಸಂಬಂಧ ಮಾತಾಡುತ್ತಿರುವ ಮನೆಯವರು ನಿಮ್ಮನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಹೆಚ್ಚು ಬಂದವರಿಗೆ ಹೇಳುವ ವಾಕ್ಯ ಎಲ್ಲ ಕಾರ್ಯಕರ್ತರ ಬಾಯಲ್ಲೂ ಒಂದೇ ಇರಲಿ: "ಒಂದು ಸಂಖ್ಯೆ ಸ್ವಲ್ಪ ಜಾಸ್ತಿ ಇದೆ. ಕಾರಣ ಹಲವು ಇರಬಹುದು. ಡಾಕ್ಟರ್ ನೋಡಲಿ." ಕ್ಯಾನ್ಸರ್ ಎಂಬ ಪದ ವೈದ್ಯರ ಬಾಯಿಂದ ಬರಲಿ.

4 ಮತ್ತು 10ರ ನಡುವೆ ಇದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಮರುಪರೀಕ್ಷೆ. ಮತ್ತೆ ಹೆಚ್ಚಿದ್ದರೆ ಮೂತ್ರರೋಗ ತಜ್ಞರು, ಅನುಕೂಲವಿದ್ದಲ್ಲಿ ಎಂಆರ್‌ಐ, ಅದರ ಮೇಲೆ ಬಯಾಪ್ಸಿ ಬೇಕೋ ಬೇಡವೋ ಎಂಬ ತೀರ್ಮಾನ. 10 ದಾಟಿದ್ದರೆ ಮರುಪರೀಕ್ಷೆಗೆಂದು ಊರಲ್ಲೇ ಕಾಯಿಸದೆ ತಜ್ಞರಿಗೆ ಕಳಿಸಿ. 100 ದಾಟಿದ್ದರೆ ಅದೇ ವಾರ ಜೊತೆಗೊಬ್ಬರನ್ನು ಕೊಟ್ಟು ಕರೆದೊಯ್ಯಿರಿ. ಕಡಿಮೆ ಇದ್ದವರಿಗೆ ಪ್ರತಿವರ್ಷ ಪರೀಕ್ಷೆ ಬೇಕಿಲ್ಲ; ಎರಡರಿಂದ ನಾಲ್ಕು ವರ್ಷ ಬಿಟ್ಟು ಸಾಕು, ವೈದ್ಯರು ಬೇರೆ ಹೇಳದಿದ್ದರೆ.

200 ಪುಟದ ಒಂದು ರಿಜಿಸ್ಟರ್ ಸಾಕು. ಹೆಸರು, ವಯಸ್ಸು, ಫೋನು, ಮನೆತನದ ಇತಿಹಾಸ, ಮಾತ್ರೆ, ಸೋಂಕು, ಲ್ಯಾಬ್, ದಿನಾಂಕ, ಸಂಖ್ಯೆ, ಎಲ್ಲಿಗೆ ಕಳಿಸಿದ್ದು, ಹೋದರೇ, ಹೋಗದಿದ್ದರೆ ಏಕೆ. ಕೊನೆಯ ಎರಡು ಅಂಕಣಗಳನ್ನು ಅಗಲವಾಗಿ ಬಿಡಿ. ಎರಡನೇ ವಾರ ಮತ್ತು ಆರನೇ ವಾರ ಫೋನ್ ಮಾಡಿದಾಗ "ಮಗ ಬೆಂಗಳೂರಿಂದ ಬರಲಿ ಅಂತ", "ಕುಯಿಲು ಮುಗೀಲಿ ಅಂತ", "ಬಸ್ ಚಾರ್ಜಿಗೆ ಇಲ್ಲ", "ಈಗ ಚೆನ್ನಾಗಿದೀನಲ್ಲ" ಎಂಬ ಉತ್ತರಗಳು ಆ ಅಂಕಣದಲ್ಲೇ ತುಂಬುತ್ತವೆ. ಒಂದೊಂದಕ್ಕೂ ಬೇರೆ ಮದ್ದು: ಮಗನಿಗೆ ನೇರ ಫೋನ್, ಕುಯಿಲಿನ ನಂತರದ ದಿನಕ್ಕೆ ಮೊದಲೇ ಅಪಾಯಿಂಟ್‌ಮೆಂಟ್, ಸಂಘದ ನಿಧಿಯಿಂದ ಬಸ್ ಚಾರ್ಜು, ನಾಲ್ಕನೆಯವರಿಗೆ ಮತ್ತೊಮ್ಮೆ ಬಲೂನು ಮತ್ತು ಹೆಸರುಕಾಳು.